ಹಚ್ಚೆಯ ಸೂಜಿ ಯಾರ ಕೈಯಲ್ಲಿ?

ಯುವಜನರ ತೋಳು, ಕೊರಳುಗಳ ಮೇಲಿನ ಹಚ್ಚೆಯನ್ನು ಕಂಡು ಕೆಲವು ಹಿರಿಯರು ಪರದೇಶದ ಅನುಕರಣೆಯೆಂದು ಮೂಗು ಮುರಿಯುತ್ತಾರೆ. ಅಜ್ಜಿಯರ ಮುಂಗೈಯಲ್ಲಿ ಇದ್ದದ್ದೇ ‘ಟ್ಯಾಟೂ’ ಎಂಬ ಹೆಸರಿನಲ್ಲಿ ಮರಳಿದೆಯೆಂದು ಇನ್ನು ಕೆಲವರು ಸಮಾಧಾನಪಡುತ್ತಾರೆ. ಈ ಎರಡೂ ನಿಲುವುಗಳು ಮುಖ್ಯವಾದ ಪ್ರಶ್ನೆಯೊಂದನ್ನು ಬದಿಗೊತ್ತುತ್ತವೆ. ಚರ್ಮದ ಮೇಲೆ ಸುಲಭವಾಗಿ ಅಳಿಯದ ಗುರುತೊಂದು ಮೂಡಬೇಕೆಂದು ತೀರ್ಮಾನಿಸುವವರು ಯಾರು?

ನಮ್ಮ ಗ್ರಾಮಗಳಲ್ಲಿ ಊರೂರು ಅಲೆಯುವ ಹೆಂಗಸರು ಹಚ್ಚೆ ಹೊಯ್ಯುತ್ತಿದ್ದರು. ದೀಪದ ಕಾಡಿಗೆ, ಸೊಪ್ಪಿನ ರಸ ಮತ್ತು ಸೂಜಿ ಅವರ ಸಲಕರಣೆ. ನೋವು ಮರೆಸಲು ಹಾಡೂ ಇರುತ್ತಿತ್ತು. ಸತ್ತಾಗ ಜತೆಗೆ ಬರುವ ಒಡವೆ ಇದೊಂದೇ ಎಂಬ ನಂಬಿಕೆಯಿತ್ತು. ಅದು ಕಲೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಮದುವೆಗೆ ಮುಂಚೆ ಹಚ್ಚೆ ಹಾಕಿಸಿಕೊಳ್ಳಬೇಕಾಗಿದ್ದ ಬಾಲಕಿಯ ಒಪ್ಪಿಗೆಯನ್ನು ಯಾರೂ ಕೇಳುತ್ತಿರಲಿಲ್ಲ.

ಸೂಜಿಯನ್ನು ಪ್ರಭುತ್ವವೇ ಹಿಡಿದಾಗ ಪರಿಣಾಮ ಇನ್ನೂ ಘೋರ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಬಂಗಾಳದಲ್ಲಿ 1797ರ ಕಾಯಿದೆಯ ಮೂಲಕ ಜೀವಾವಧಿ ಕೈದಿಗಳ ಹಣೆಯ ಮೇಲೆ ಅಪರಾಧದ ವಿವರವನ್ನು ಚುಚ್ಚಿಸತೊಡಗಿತು. 1849ರಲ್ಲಿ ರದ್ದಾಗುವವರೆಗೆ ಈ ಪದ್ಧತಿ ಮನುಷ್ಯನ ಹಣೆಯನ್ನೇ ಸರಕಾರಿ ಕಡತವಾಗಿಸಿತ್ತು. ಸ್ವತಂತ್ರ ಭಾರತವೂ ಈ ಕಳಂಕದಿಂದ ಪೂರ್ತಿ ಪಾರಾಗಲಿಲ್ಲ. 1993ರಲ್ಲಿ ಅಮೃತಸರದಲ್ಲಿ ಪೊಲೀಸರು ತಮ್ಮ ವಶದಲ್ಲಿದ್ದ ಮಹಿಳೆಯರ ಹಣೆಗೆ ‘ಜೇಬುಗಳ್ಳಿ’ ಎಂಬರ್ಥದ ಪದವನ್ನು ಹಚ್ಚೆ ಹಾಕಿಸಿದರು. ತಪ್ಪಿತಸ್ಥರಿಗೆ ನ್ಯಾಯಾಲಯ ಶಿಕ್ಷೆ ವಿಧಿಸುವಷ್ಟರಲ್ಲಿ 2016 ಬಂದಿತ್ತು.

ಇದಕ್ಕೆ ವ್ಯತಿರಿಕ್ತವಾದುದು ಛತ್ತೀಸಗಢದ ರಾಮನಾಮಿಗಳ ಮಾರ್ಗ. ದೇವಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಈ ದಲಿತ ಪಂಥದವರು ರಾಮನ ಹೆಸರನ್ನು ಮೈಮೇಲೆ, ಮುಖದ ಮೇಲೂ ಬರೆಸಿಕೊಂಡರು. ಹೊರಗಿಟ್ಟವರಿಗೆ ತಮ್ಮ ದೇಹದ ಮೂಲಕವೇ ಕೊಟ್ಟ ಉತ್ತರವದು. ಆದರೆ ಕೆಲಸ ಅರಸಿ ಹೊರಗೆ ಹೋಗುವ ಅವರ ಮಕ್ಕಳಲ್ಲಿ ಅನೇಕರು ಈಗ ಮೈತುಂಬ ಹಚ್ಚೆಗೆ ಹಿಂಜರಿಯುತ್ತಾರೆ.

ಈ ಹಿಂಜರಿಕೆ ನಿರಾಧಾರವಲ್ಲ. ಉದ್ಯೋಗದಾತರು ಹಚ್ಚೆಯನ್ನು ಇಂದಿಗೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಹಚ್ಚೆಯ ಜಾಗ, ಗಾತ್ರ, ವಿಷಯ ಮೂರಕ್ಕೂ ನಿಯಮಗಳಿವೆ. ಸೆಲ್ಯೂಟ್ ಮಾಡುವ ಬಲಗೈಯ ಮುಂದೋಳಿನಲ್ಲಿ ಹಚ್ಚೆಯಿದ್ದ ಅಭ್ಯರ್ಥಿಗಳು ಓಟ, ಲಿಖಿತ ಪರೀಕ್ಷೆಗಳನ್ನು ಗೆದ್ದ ಮೇಲೂ ವೈದ್ಯಕೀಯ ತಪಾಸಣೆಯಲ್ಲಿ ಹೊರಬಿದ್ದು ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಸಮವಸ್ತ್ರದ ಶಿಸ್ತನ್ನು ಒಪ್ಪೋಣ. ಆದರೆ ಜಾತ್ರೆಯಲ್ಲಿ ಅಲ್ಪ ಹಣಕ್ಕೆ ಹಚ್ಚೆ ಹಾಕಿಸಿಕೊಳ್ಳುವ ಹದಿನೈದರ ಹುಡುಗನಿಗೆ ಈ ನಿಯಮ ತಿಳಿದಿರುವುದೇ? ಲೇಸರ್‌ನಿಂದ ಅದನ್ನು ತೆಗೆಸಲು ತಗಲುವ ವೆಚ್ಚ ಹಾಕಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಹಿಂತೆಗೆದುಕೊಳ್ಳುವುದು ಕಷ್ಟವಾದ ನಿರ್ಧಾರಕ್ಕೆ ಪೂರ್ಣ ಮಾಹಿತಿ ಅಗತ್ಯವೆಂಬುದು ಅರ್ಥಶಾಸ್ತ್ರದ ಸರಳ ಪಾಠ.

ಆದ್ದರಿಂದ ಸರಕಾರದ ಕರ್ತವ್ಯ ಸ್ಪಷ್ಟ. ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಇನ್ನೊಬ್ಬರಿಗೆ ಹರಡದಂತೆ ಮಳಿಗೆಗಳ ಮೇಲೆ ನಿಗಾ ಇಡಬೇಕು. ಅಪ್ರಾಪ್ತ ವಯಸ್ಕರಿಗೆ ಹಚ್ಚೆ ಹಾಕುವುದನ್ನು ತಡೆಯಬೇಕು. ನೇಮಕಾತಿಯ ನಿಯಮಗಳು ಪ್ರೌಢಶಾಲೆಯ ಸೂಚನಾಫಲಕದಲ್ಲೇ ಕಾಣಬೇಕು. ಇಷ್ಟಾದ ಮೇಲೆ, ತೋಳಿನ ಮೇಲೆ ತಾಯಿಯ ಹೆಸರು ಬರಲಿ, ನವಿಲು ಬರಲಿ, ಆಯ್ಕೆ ಆ ತೋಳಿನ ಒಡೆಯನದು.