ಚಾಕಿ ಕೋಣೆಗೆ ನೆಲದಡಿಯ ಬಿಸಿ

ರೇಷ್ಮೆ ಹುಳುವಿಗೆ ಮೊಟ್ಟೆಯಿಂದ ಗೂಡಿನವರೆಗೆ ಒಂದೇ ಹದದ ಬಿಸಿ ಒಗ್ಗುವುದಿಲ್ಲ. ಮೊಟ್ಟೆ ಒಡೆದ ಮರಿಗೆ 28 ಡಿಗ್ರಿ ಬೇಕು. ಎರಡನೇ ಹಂತಕ್ಕೆ 27, ಮೂರಕ್ಕೆ 26, ನಾಲ್ಕಕ್ಕೆ 25, ಕೊನೆಯ ಹಂತಕ್ಕೆ 24 ಸಾಕು. ಗಾಳಿಯ ತೇವವೂ ಹಾಗೇ ಇಳಿಯುತ್ತಾ ಬರಬೇಕು. ಚಾಕಿಯಲ್ಲಿ ಶೇಕಡಾ 85ರಿಂದ 90, ಐದನೇ ಹಂತದಲ್ಲಿ 70. ಹುಳು ದೊಡ್ಡದಾದಷ್ಟೂ ತಂಪು ಕೇಳುತ್ತದೆ, ಗಾಳಿ ಕೇಳುತ್ತದೆ. ಇದೆಲ್ಲ ರೇಷ್ಮೆ ಇಲಾಖೆಯವರು ಹೇಳಿ ಹೇಳಿ ನಮಗೆ ಬಾಯಿಪಾಠ ಆಗಿರುವ ಸಂಗತಿ. ಆದರೆ ಮೂರು ಅಂಕಣದ ಮನೆಯಲ್ಲಿ ಒಂದು ಕೋಣೆ ಬಿಸಿ, ಪಕ್ಕದ ಕೋಣೆ ತಂಪು ಇಡೋದು ಹೇಗೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ನಮ್ಮ ಚಾಮರಾಜನಗರದ ಕಡೆ ಮಳೆ ನಂಬಿದ ಹಿಪ್ಪುನೇರಳೆ. ಹಿಂಗಾರು ಚೆನ್ನಾಗಿ ಬಂದರೆ ಧನುರ್ಮಾಸದ ಹೊತ್ತಿಗೆ ಒಂದು ಬೆಳೆಯ ಸೊಪ್ಪು ಸಿಗುತ್ತದೆ. ಆಗಲೇ ಚಳಿ. ರಾತ್ರಿ 15 ಡಿಗ್ರಿಗೆ ಇಳಿದರೆ ಮನೆಯೊಳಗೂ 20 ದಾಟುವುದಿಲ್ಲ. 20ರ ಕೆಳಗೆ ಹುಳು ಮಂಕಾಗುತ್ತದೆ, ಸೊಪ್ಪು ಕಚ್ಚುವುದಿಲ್ಲ, ಜ್ವರಕ್ಕೆ ಕೂರುವುದು ತಡ. ಒಂದು ಹಂತದಲ್ಲಿ ಒಂದು ದಿನ ತಡವಾದರೂ ಬೆಳೆ ಮುಗಿಯುವಷ್ಟರಲ್ಲಿ ಮೂರು ನಾಲ್ಕು ದಿನ ಹೆಚ್ಚಾಯಿತು. ನೀರಾವರಿ ಇದ್ದವರು ಆ ದಿನಗಳ ಸೊಪ್ಪನ್ನು ಹೇಗೋ ಹೊಂದಿಸುತ್ತಾರೆ. ನಾವು ಎಲ್ಲಿಂದ ತರೋದು? ಚಳಿಗೆ ತೇವ ಸೇರಿದರೆ ಸುಣ್ಣಕಟ್ಟು ರೋಗ ಬೇರೆ.

ಅದಕ್ಕೆ ಎಲ್ಲರೂ ಮಾಡುವುದು ಒಂದೇ, ಬಾಗಿಲು ಮುಚ್ಚಿ ಇದ್ದಿಲಿನ ಒಲೆ ಇಡುವುದು. ಇದರಲ್ಲಿ ಎರಡು ತೊಂದರೆ. ಬಿಸಿ ಗಾಳಿ ನೇರ ಮೇಲಕ್ಕೆ ಹೋಗುತ್ತದೆ. ಸ್ಟ್ಯಾಂಡಿನ ಮೇಲಿನ ತಟ್ಟೆ 30 ತೋರಿಸುವಾಗ ಕೆಳಗಿನ ತಟ್ಟೆ 23ರಲ್ಲಿ ಇರುತ್ತದೆ. ಮೇಲಿನವು ಜ್ವರ ಎದ್ದು ಸೊಪ್ಪು ಕೇಳುತ್ತವೆ, ಕೆಳಗಿನವು ಇನ್ನೂ ಕೂತೇ ಇಲ್ಲ. ಹುಳು ಹೀಗೆ ಒಡೆದುಹೋದರೆ ಮುಂದೆ ಒಂದುಗೂಡಿಸುವುದು ಯಾರಿಂದಲೂ ಆಗದು.

ಎರಡನೆಯದು ಜೀವದ ಮಾತು. ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಇಲ್ಲವಲ್ಲ ಅಂತ ನಾವು ಧೈರ್ಯವಾಗಿ ಇರುತ್ತೇವೆ. ಅದು ರಕ್ತಕ್ಕೆ ಸೇರಿ ಉಸಿರಿನ ಗಾಳಿ ಮೈಗೆ ಮುಟ್ಟದ ಹಾಗೆ ಮಾಡುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ, ನಿದ್ದೆಯಲ್ಲೇ ಸಾವು. ಸಣ್ಣ ರೈತರಲ್ಲಿ ಹುಳುವೂ ಮನೆಯವರೂ ಒಂದೇ ಸೂರಿನಡಿ. ರಾತ್ರಿ ಸೊಪ್ಪು ಕೊಟ್ಟ ಹೆಂಗಸರು ಅಲ್ಲೇ ಬೆಚ್ಚಗಿದೆ ಅಂತ ಮಕ್ಕಳನ್ನು ಮಲಗಿಸಿಕೊಳ್ಳುತ್ತಾರೆ. ಹುಳುವಿಗೂ ಈ ಗಾಳಿ ಒಳ್ಳೆಯದಲ್ಲ, ಆದರೆ ಮೊದಲು ಮನುಷ್ಯರ ವಿಚಾರ ನೋಡಬೇಕು.

ಬೆಂಕಿ ಹೊರಗೆ, ಬಿಸಿ ಒಳಗೆ ಇರಬೇಕು. ಇದು ಹೊಸ ಸಂಗತಿಯಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ನೋಡಿದವರಿಗೆ ಗೊತ್ತು. ಒಲೆಯ ಬಾಯಿ ಗೋಡೆಯ ಆಚೆ. ಹೊಗೆ ಮಾತ್ರ ತಗಡಿನ ಕೊಳವೆಯಲ್ಲಿ ಬ್ಯಾರನ್ನಿನ ನೆಲದ ಮಟ್ಟದಲ್ಲೇ ಸುತ್ತು ಹಾಕಿ ಚಿಮಣಿಯಿಂದ ಹೊರಬೀಳುತ್ತದೆ. ಸೊಪ್ಪಿಗೆ ಬಿಸಿ ತಾಗುತ್ತದೆ, ಹೊಗೆ ತಾಗುವುದಿಲ್ಲ. ಮೊದಲು 35ರ ಸುತ್ತ ಇಟ್ಟು ಹಣ್ಣು ಮಾಡಿ, ಮೆಲ್ಲಗೆ ಏರಿಸುತ್ತಾ ಕೊನೆಗೆ ದಂಟು ಒಣಗಿಸಲು 70ರ ತನಕ ಒಯ್ಯುತ್ತಾರೆ. (ಬ್ಯಾರನ್ನಿನ ಉಪಾಯ ತನ್ನಿ, ಬ್ಯಾರನ್ ಕೆಲಸ ಮಾಡಿದ ಕೈಯನ್ನು ತೊಳೆಯದೆ ಹುಳು ಮನೆಗೆ ತರಬೇಡಿ. ಹೊಗೆಸೊಪ್ಪಿನ ನಂಜಿಗೆ ರೇಷ್ಮೆ ಹುಳು ತಡೆಯುವುದಿಲ್ಲ. ಹೊಗೆಸೊಪ್ಪಿನ ಹೊಲದ ಬದುವಿನ ಹಿಪ್ಪುನೇರಳೆಯೂ ಬೇಡ.)

ಇದನ್ನೇ ಮನುಷ್ಯರ ಮನೆಗೆ ನೂರಾರು ವರ್ಷದ ಹಿಂದೆಯೇ ಹೊಂದಿಸಿಕೊಂಡವರು ಕೊರಿಯಾ ದೇಶದವರು. ಅವರ ಹೆಸರಿನಲ್ಲಿ ಅದು ಒಂಡೋಲ್. ಅಡಿಗೆ ಒಲೆಯ ಹೊಗೆಯನ್ನು ಪಕ್ಕದ ಕೋಣೆಯ ನೆಲದಡಿಯ ಕಾಲುವೆಗಳಲ್ಲಿ ಹಾಯಿಸಿ ಆಚೆ ಕೊನೆಯಲ್ಲಿ ಚಿಮಣಿಗೆ ಬಿಡುವುದು. ಕಾಲುವೆಯ ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣಿನ ಗಾರೆ, ಅದರ ಮೇಲೆ ಎಣ್ಣೆ ಹಚ್ಚಿದ ಕಾಗದ. ಅನ್ನವೂ ಬೆಂದಿತು, ಮಲಗುವ ನೆಲವೂ ಬೆಚ್ಚಗಾಯಿತು. ಒಲೆಯ ಹತ್ತಿರದ ಜಾಗ ಹೆಚ್ಚು ಬಿಸಿ, ಅಲ್ಲಿ ಮನೆಯ ಹಿರಿಯರನ್ನು ಕೂರಿಸುತ್ತಾರಂತೆ. ಆ ಬಿಸಿ ಅತಿಯಾಗದಿರಲಿ ಅಂತ ಅಲ್ಲಿ ದಪ್ಪ ಕಲ್ಲು, ದೂರದಲ್ಲಿ ತೆಳು ಕಲ್ಲು.

ಆ ದೇಶದಿಂದ ಕಲಿಯುವ ಇನ್ನೊಂದು ಸಂಗತಿ ಉಂಟು. 1950ರ ನಂತರ ಅಲ್ಲಿ ಸೌದೆ ಬಿಟ್ಟು ತೂತು ತೂತಿನ ಕಲ್ಲಿದ್ದಲು ಬಿಲ್ಲೆ ಉರಿಸತೊಡಗಿದರು. ನೆಲದ ಬಿರುಕಿನಲ್ಲಿ ಅದೇ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿ ಸಾವಿರಾರು ಜನ ಮಲಗಿದ್ದಲ್ಲೇ ತೀರಿಕೊಂಡರು. ಆಮೇಲೆ ಹೊಗೆಯ ಬದಲು ಬಿಸಿನೀರು ಬಂತು. ಈಗ ಅಲ್ಲಿನ ಮನೆಗಳಲ್ಲಿ ನೆಲದ ಗಾರೆಯೊಳಗೆ ಪ್ಲಾಸ್ಟಿಕ್ ಕೊಳವೆ ಸುತ್ತಿ, ಬಾಯ್ಲರಿನ ನೀರು ಹರಿಸುತ್ತಾರೆ. ಯುರೋಪಿನಲ್ಲೂ ಇದು ಬಳಕೆಯಲ್ಲಿದೆ.

ಕೋಣೆಗೊಂದು ಬಿಸಿ ಸಿಗುವುದು ಈ ನೀರಿನ ಪದ್ಧತಿಯಲ್ಲಿ ಬಹಳ ಸುಲಭ. ನಮ್ಮ ಡ್ರಿಪ್ ನೋಡಿದವರಿಗೆ ಅರ್ಥವಾಗಲು ಒಂದು ನಿಮಿಷ ಸಾಕು. ಒಂದು ಮೇನ್ ಲೈನು, ಅದರಿಂದ ಒಂದೊಂದು ಕೋಣೆಗೆ ಒಂದೊಂದು ಸುತ್ತು, ಪ್ರತಿ ಸುತ್ತಿಗೂ ಒಂದು ಗೇಟ್ ವಾಲ್ವ್. ಯಾವ ಕೋಣೆಗೆ ಸಾಕೋ ಅದರ ವಾಲ್ವ್ ತಿರುಗಿಸಿದರಾಯಿತು. ಉದ್ದದ ಸುತ್ತಿಗೆ ನೀರು ಸೊರಗುತ್ತದೆ, ಗಿಡ್ಡದಕ್ಕೆ ನುಗ್ಗುತ್ತದೆ, ನಮ್ಮ ಕೊನೆ ಸಾಲಿನ ಗಿಡದ ಪಾಡೇ. ಅದಕ್ಕೆ ಗಿಡ್ಡ ಸುತ್ತಿನ ವಾಲ್ವನ್ನು ಕೊಂಚ ಹಿಡಿದಿಡುತ್ತಾರೆ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಅನ್ನುವ ಡಬ್ಬಿ ಕೋಣೆಯ ಬಿಸಿ ನೋಡಿಕೊಂಡು ವಾಲ್ವನ್ನು ತಾನೇ ತೆರೆದು ಮುಚ್ಚುತ್ತದೆ. ಕೊಳವೆಯ ಕೆಳಗೆ ಥರ್ಮೋಕೋಲಿನಂಥ ಹಲಗೆ ಹಾಸಿರುತ್ತಾರೆ, ಇಲ್ಲದಿದ್ದರೆ ಬಿಸಿಯೆಲ್ಲ ಭೂಮಿಗೆ ಹೋಗುತ್ತದೆ.

ಹಾಗಾದರೆ ಮಾಡಿನ ಮೇಲೆ ಸೋಲಾರ್ ನೀರಿನ ಟ್ಯಾಂಕು ಇದೆಯಲ್ಲ, ಅದನ್ನೇ ತಿರುಗಿಸಿದರೆ ಆಗದೆ? ಅಣ್ಣನ ಮಗನ ಹತ್ತಿರ ಕೂತು ಲೆಕ್ಕ ಹಾಕಿದೆವು. ನೆಲ ಗಾಳಿಗಿಂತ ಒಂದು ಡಿಗ್ರಿ ಬಿಸಿ ಇದ್ದರೆ ಒಂದು ಚದರ ಮೀಟರಿಗೆ ಸುಮಾರು 10 ವ್ಯಾಟ್ ಬಿಸಿ ಕೊಡುತ್ತದೆ. 10 ಅಡಿಗೆ 10 ಅಡಿಯ ಚಾಕಿ ಕೋಣೆ ಅಂದರೆ 9 ಚದರ ಮೀಟರು. ಗಾಳಿ 28, ನೆಲ 35 ಇಟ್ಟರೆ 7 ಡಿಗ್ರಿ ಅಂತರ. ಸುಮಾರು 630 ವ್ಯಾಟ್. ರಾತ್ರಿ 10 ತಾಸಿಗೆ ಆರು ಯೂನಿಟ್ ಮೇಲಾಯಿತು. 100 ಲೀಟರ್ ಬಿಸಿನೀರು 15 ಡಿಗ್ರಿ ಇಳಿದರೆ ಕೊಡುವುದು ಒಂದೂಮುಕ್ಕಾಲು ಯೂನಿಟ್ ಅಷ್ಟೇ. ನಾಲ್ಕು ಟ್ಯಾಂಕು ಬೇಕು, ಮೋಡ ಕವಿದ ದಿನ ಅದೂ ಇಲ್ಲ. ವರ್ಷಕ್ಕೆ ಒಂದೆರಡು ಚಳಿ ಬೆಳೆಗೆ ಈ ಖರ್ಚು ಏಳುವುದಿಲ್ಲ. ಚಾಕಿ ಕೇಂದ್ರ ನಡೆಸುವವರು ಯೋಚಿಸಲಿ.

ನಮ್ಮಂಥವರಿಗೆ ಹೊಗೆಯ ಕಾಲುವೆಯೇ ಸರಿ. ನಮ್ಮ ಚಾಕಿ ಕೋಣೆಯಲ್ಲಿ ಇರುವುದು ಹೀಗೆ. ಒಲೆ ಗೋಡೆಯಾಚೆ, ನೆಲಕ್ಕಿಂತ ಒಂದೂವರೆ ಅಡಿ ತಗ್ಗಿನಲ್ಲಿ. ಅಲ್ಲಿಂದ ಇಟ್ಟಿಗೆಯ ಕಾಲುವೆ, ಮುಕ್ಕಾಲು ಅಡಿ ಅಗಲ, ಕೋಣೆಯ ಅಡಿಯಲ್ಲಿ ಹೋಗಿ ತಿರುಗಿ ಬಂದು ಚಿಮಣಿಗೆ. ಉದ್ದಕ್ಕೂ ಚಿಮಣಿಯ ಕಡೆಗೆ ಏರು ಇರಬೇಕು, ತಗ್ಗಿದರೆ ಹೊಗೆ ಹಿಂದಕ್ಕೆ ಬರುತ್ತದೆ. ಒಲೆಯ ಬಾಯಿಯಿಂದ ಮೂರಡಿಯವರೆಗೆ ಎರಡು ಪದರ ಇಟ್ಟಿಗೆ, ನೇರ ಉರಿಗೆ ಚಪ್ಪಡಿ ಸಿಡಿಯುತ್ತದೆ. ಆಚೆಗೆ ಚಪ್ಪಡಿ, ಮೇಲೆ ಗಾರೆ. ಚಿಮಣಿ ಮಾಡಿಗಿಂತ ಮೂರಡಿ ಮೇಲೆ. ಹುಲ್ಲು ಮಾಡಿನ ಮನೆಗೆ ಇದು ಬೇಡವೇ ಬೇಡ, ಕಿಡಿ ಹಾರುತ್ತದೆ. ಉರುವಲಿಗೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಒಣಗಿಸಿಟ್ಟಿದ್ದು.

ಪಕ್ಕದ ದೊಡ್ಡ ಹುಳುವಿನ ಕೋಣೆಗೂ ಅದೇ ಒಲೆಯಿಂದ ಇನ್ನೊಂದು ಕವಲು ಇದೆ. ಕವಲು ಒಡೆಯುವಲ್ಲಿ ತಗಡಿನ ಹಲಗೆ, ತೂಬಿನ ಹಾಗೆ ಎತ್ತಿ ಇಳಿಸುವುದು. ಚಾಕಿಗೆ ಪೂರ್ತಿ ಎತ್ತಿ, ಇದಕ್ಕೆ ಬೆರಳಷ್ಟು. ಹಲಗೆ ಒಲೆಯ ಕಡೆಯೇ ಇರಲಿ. ಚಿಮಣಿ ಕಡೆ ಮುಚ್ಚಿದರೆ ಅನಿಲ ಕಾಲುವೆಯಲ್ಲಿ ತುಂಬಿ ಬಿರುಕು ಹುಡುಕುತ್ತದೆ. ಮತ್ತು ಕೆಂಡ ಇರುವಾಗ ಎರಡೂ ಕವಲು ಒಟ್ಟಿಗೆ ಮುಚ್ಚದ ಹಾಗೆ ಹಲಗೆಯ ಒಂದು ಮೂಲೆ ಕತ್ತರಿಸಿಬಿಡಬೇಕು.

ಇಷ್ಟೆಲ್ಲ ಮಾಡಿಯೂ ಎರಡು ಕೋಣೆ ಒಂದೇ ಬಿಸಿ ತೋರಿಸಿದರೆ ನೆಲವನ್ನು ಬೈಯಬೇಡಿ, ತಲೆ ಎತ್ತಿ ನೋಡಿ. ನಮ್ಮ ಹೆಂಚಿನ ಮನೆಗಳಲ್ಲಿ ನಡುಗೋಡೆ ಮಾಡಿನ ತನಕ ಹೋಗಿರುವುದಿಲ್ಲ. ಬಿಸಿಯೆಲ್ಲ ಗೋಡೆ ಹಾರಿ ಆಚೆ ಹೋಗುತ್ತದೆ. ಏಳಡಿ ಎತ್ತರಕ್ಕೆ ಟಾರ್ಪಾಲು ಕಟ್ಟಿದರೆ ಅರ್ಧ ಸೌದೆ ಉಳಿಯುತ್ತದೆ. ಕೈಯಲ್ಲಿ ಕಾಸು ಕಡಿಮೆ ಇದ್ದವರು ಕಾಲುವೆಗಿಂತ ಮೊದಲು ಇದನ್ನು ಮಾಡಿ. ಸಣ್ಣ ಕಿಟಕಿ ಒಂದು ತೆರೆದೇ ಇರಲಿ.

ನೆಲ ನಿಧಾನದ ಎತ್ತು. ಎಂಟು ಗಂಟೆಗೆ ಚಳಿ ಆಯಿತು ಅಂತ ಒಲೆ ಹಚ್ಚಿದರೆ ನಡುರಾತ್ರಿ ಬಿಸಿ ಏರುತ್ತದೆ. ಸಂಜೆ ನಾಲ್ಕಕ್ಕೇ ಹಚ್ಚಿ, ಹತ್ತಕ್ಕೆ ಉರಿ ನಿಲ್ಲಿಸಿ. ಕಲ್ಲು ಕಾದಿದ್ದು ಬೆಳಗಿನವರೆಗೆ ಕೊಡುತ್ತದೆ. ಥರ್ಮಾಮೀಟರು ಗೋಡೆಗಲ್ಲ, ತಟ್ಟೆಯ ಮಟ್ಟಕ್ಕೆ ತೂಗುಹಾಕಿ. ಕೆಳಗಿನ ತಟ್ಟೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಬಿಸಿ ನೆಲ ಗಾಳಿಯನ್ನು ಒಣಗಿಸುತ್ತದೆ, ಆದರೆ ಅಗಲ ಬಾಯಿಯ ಬೋಗುಣಿಯಲ್ಲಿ ನೀರಿಟ್ಟರೆ ನೆಲವೇ ಅದನ್ನು ಆವಿ ಮಾಡಿ ಚಾಕಿಗೆ ಬೇಕಾದ ತೇವ ಕೊಡುತ್ತದೆ. ಜ್ವರಕ್ಕೆ ಕೂತಾಗ ಬೋಗುಣಿ ಹೊರಗೆ. ಚಂದ್ರಿಕೆಗೆ ಹುಳು ಬಿಟ್ಟಾಗಲೂ ಹೊರಗೆ, ಆಗ ಒಣ ಬಿಸಿ ಮತ್ತು ಗಾಳಿ ಬೇಕು.

ಪ್ರತಿ ಚಳಿ ಬೆಳೆಗೆ ಮೊದಲು, ಮೊಟ್ಟೆ ತರುವ ಮುಂಚೆ, ಒಲೆಗೆ ಹಸಿ ಸೊಪ್ಪು ತುರುಕಿ ದಟ್ಟ ಹೊಗೆ ಎಬ್ಬಿಸಿ. ಕೋಣೆಯೊಳಗೆ ಎಲ್ಲಿ ಎಳೆಯಷ್ಟು ಹೊಗೆ ಕಂಡರೂ ಅಲ್ಲಿ ಗಾರೆ ಒಡೆದಿದೆ ಎಂದರ್ಥ. ಸೀಳಿ ಹೊಸ ಗಾರೆ ಹಾಕಿ, ಒಣಗಿದ ಮೇಲೆ ಮತ್ತೊಮ್ಮೆ ನೋಡಿ. ಹೊಗೆ ಕಾಣದಿದ್ದರೂ ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ. ಕಾಲುವೆ ತಿರುಗುವ ಮೂಲೆಯಲ್ಲಿ, ಹೊರಗೋಡೆಯ ಕಡೆಗೆ, ಎರಡು ಇಟ್ಟಿಗೆಯನ್ನು ಬರೀ ಮಣ್ಣಿನಲ್ಲಿ ಕೂರಿಸಿ. ವರ್ಷಕ್ಕೊಮ್ಮೆ ಅವನ್ನು ಕಿತ್ತು, ಉದ್ದ ಬಿದಿರಿಗೆ ಗೋಣಿ ಸುತ್ತಿ ಮಸಿ ಎಳೆಯಬಹುದು.