ಹಳೆಯ ಅಂಬಾಸಿಡರ್: ವಯಸ್ಸು ಬೇರೆ, ಅರ್ಹತೆ ಬೇರೆ

ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಕಾರ್ಖಾನೆ ಮುಚ್ಚಿದರೂ ಕಾರು ರಸ್ತೆಯಿಂದ ಮರೆಯಾಗಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳ ಕಾಂಪೌಂಡುಗಳಲ್ಲಿ, ಜಿಲ್ಲಾ ಕೇಂದ್ರಗಳ ಟ್ಯಾಕ್ಸಿ ನಿಲ್ದಾಣಗಳಲ್ಲಿ, ಮದುವೆಯ ದಿಬ್ಬಣಗಳಲ್ಲಿ ಅದು ಇಂದಿಗೂ ಕಾಣಸಿಗುತ್ತದೆ. ಅದರ ಬಗ್ಗೆ ಹೃದಯ ತುಂಬಿ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹೀಗೆ ಓಡಾಡುತ್ತಿರುವ ಕಾರುಗಳಲ್ಲಿ ಎಷ್ಟರ ಬ್ರೇಕು ಸರಿಯಾಗಿದೆ, ಎಷ್ಟರ ತಳ ತುಕ್ಕು ಹಿಡಿದಿದೆ ಎಂಬ ಸರಳ ಪ್ರಶ್ನೆಗೆ ನಮ್ಮಲ್ಲಿ ಸಾರ್ವಜನಿಕವಾದ ಉತ್ತರವೇ ಇಲ್ಲ. ಭಾವುಕತೆಯನ್ನು ಬದಿಗಿಟ್ಟು ಯೋಚಿಸಬೇಕಾದ ವಿಷಯವಿದು.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಆಯುಷ್ಯ. ಅನಂತರ ತಪಾಸಣೆಗೆ ಒಳಪಡಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಬಾಡಿಗೆ ವಾಹನಗಳಿಗಾದರೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಬೇಕು. ಅಂದರೆ ಖಾಸಗಿ ಕಾರೊಂದು ಹೊಸದಾಗಿ ರಸ್ತೆಗಿಳಿದ ದಿನದಿಂದ 15 ವರ್ಷಗಳವರೆಗೆ ಹೊಗೆ ತಪಾಸಣೆಯೊಂದನ್ನು ಬಿಟ್ಟರೆ ಅದರ ಬ್ರೇಕು, ಸ್ಟೀರಿಂಗುಗಳನ್ನು ಕಾನೂನಿನ ಕಣ್ಣು ನೋಡುವುದೇ ಇಲ್ಲ. ಅನಂತರ ನೋಡುವುದು ಐದು ವರ್ಷಕ್ಕೊಮ್ಮೆ.

ಈ ನಡುವೆ ಹಳೆಯ ವಾಹನಗಳ ಮೇಲೆ ಶುಲ್ಕದ ಒತ್ತಡ ಹೆಚ್ಚಿದೆ. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ್ದರೆ 10,000 ರೂಪಾಯಿ ಎಂದು 2025ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಬಿತ್ತು. ಸರ್ಕಾರದ ಸ್ವಂತ ವಾಹನಗಳ ಮಟ್ಟಿಗಂತೂ 2023ರ ಏಪ್ರಿಲ್ 1ರಿಂದ 15 ವರ್ಷವೇ ಕೊನೆಯ ಗಡಿ. ಒಂದು ಕಾಲಕ್ಕೆ ಸರ್ಕಾರಿ ಕಚೇರಿಗಳ ಆವರಣದಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದ ಬಿಳಿಯ ಅಂಬಾಸಿಡರುಗಳ ಕಥೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಇನ್ನೊಂದೆಡೆ, 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ 2021ರಲ್ಲಿ ಬಂದಿದೆ. ಅವು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗೆ ಬರಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಈ ಎಲ್ಲ ನಿಯಮಗಳಲ್ಲೂ ಸಾಮಾನ್ಯವಾಗಿರುವ ಅಂಶ ಒಂದೇ: ಅಳತೆಗೋಲು ವಯಸ್ಸು. ಸ್ಥಿತಿಯಲ್ಲ.

ಅಂಬಾಸಿಡರ್‌ನಂತಹ ಕಾರಿನಲ್ಲಿ ಕಾಲಕ್ರಮೇಣ ಕೆಡುವುದು ಏನು? ಬಲ್ಲ ಯಾವ ಮೆಕ್ಯಾನಿಕನನ್ನು ಕೇಳಿದರೂ ಪಟ್ಟಿ ಹೆಚ್ಚು ಬದಲಾಗದು. ಮೊದಲನೆಯದು ಬ್ರೇಕು. ಆರಂಭದ ದಶಕಗಳ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳು. ಅವುಗಳಿಗೆ ಎಣ್ಣೆ ಒಯ್ಯುವ ಮಾರ್ಗವೂ ಒಂದೇ. ಇಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಮಾರ್ಗಗಳಿದ್ದು, ಒಂದು ಸೋರಿದರೆ ಇನ್ನೊಂದು ಉಳಿದಿರುತ್ತದೆ. ಹಳೆಯದರಲ್ಲಿ ಒಂದು ಚಕ್ರದ ಸಿಲಿಂಡರಿನ ರಬ್ಬರು ಸೋತರೆ ಪೆಡಲು ಪೂರ್ತಿ ನೆಲಕ್ಕಿಳಿಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಓಡಾಡದೆ ನಿಂತ ಕಾರಿನಲ್ಲಿಯೂ ಈ ಕೆಡುಕು ಸದ್ದಿಲ್ಲದೆ ಸಾಗಿರುತ್ತದೆ. ಡ್ರಮ್ಮುಗಳ ಹಿಡಿತ ಎಡಬಲಗಳಲ್ಲಿ ಸಮನಾಗಿಲ್ಲದಿದ್ದರೆ ಬ್ರೇಕು ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ.

ಎರಡನೆಯದು ಮುಂಭಾಗದ ತೂಗುವ್ಯವಸ್ಥೆ ಮತ್ತು ಸ್ಟೀರಿಂಗ್. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ವಿನ್ಯಾಸದಲ್ಲಿ ಮುಂದೆ ತಿರುಚುವ ಉಕ್ಕಿನ ಸರಳುಗಳು, ಹಿಂದೆ ಪಟ್ಟಿ ಸ್ಪ್ರಿಂಗುಗಳು. ಕೆಟ್ಟ ರಸ್ತೆಗೆ ಹೇಳಿ ಮಾಡಿಸಿದ ಗಟ್ಟಿತನ ಅದರದು. ಆದರೆ ಮುಂಚಕ್ರಗಳನ್ನು ಹೊತ್ತು ತಿರುಗುವ ಪಿನ್ನುಗಳಿಗೆ ಕಾಲಕಾಲಕ್ಕೆ ಗ್ರೀಸ್ ಹಾಕಲೇಬೇಕು. ಹಾಕದಿದ್ದರೆ ಅವು ಸವೆದು, ಚಕ್ರ ಅಲುಗಾಡತೊಡಗುತ್ತದೆ. ಗ್ರೀಸ್ ಗನ್ ಹಿಡಿಯುವ ಸರ್ವಿಸ್ ಸ್ಟೇಷನ್‌ಗಳೇ ವಿರಳವಾಗುತ್ತಿರುವ ಈ ದಿನಗಳಲ್ಲಿ ಈ ಕೆಲಸ ಸುಲಭವಾಗಿ ತಪ್ಪಿಹೋಗುತ್ತದೆ.

ಮೂರನೆಯದು ತುಕ್ಕು. ಅಂಬಾಸಿಡರ್‌ಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಒಡಲೇ ಅದರ ಬೆನ್ನೆಲುಬು. ಆದ್ದರಿಂದ ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ತಳ, ಸ್ಪ್ರಿಂಗು ಕೂರುವ ಜಾಗ ಇವುಗಳಿಗೆ ತುಕ್ಕು ಹಿಡಿದರೆ ಅದು ಅಂದಗೆಡುವ ಮಾತಲ್ಲ, ಬಲಗುಂದುವ ಮಾತು. ತಗಡಿನ ತೇಪೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಬಳಿದ ಕಾರು ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಬಾಳಿದ ಕಾರಿಗೂ ಬಯಲುಸೀಮೆಯ ಒಣಹವೆಯಲ್ಲಿ ಬಾಳಿದ ಕಾರಿಗೂ ಈ ವಿಷಯದಲ್ಲಿ ಅಜಗಜಾಂತರ. ಎರಡರ ವಯಸ್ಸೂ ಒಂದೇ ಆಗಿರಬಹುದು.

ಉಳಿದವು ಸಣ್ಣವೆಂದು ಕಂಡರೂ ಪ್ರಾಣಕ್ಕೆ ಎರವಾಗಬಲ್ಲವು. ಹೊದಿಕೆ ಬಿರುಕು ಬಿಟ್ಟ ವಿದ್ಯುತ್ ತಂತಿಗಳು, ಮಂಕಾದ ದೀಪಗಳು. ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂಬುದು ನಿಯಮ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಕಾರಿನ ಟೈರಿನಲ್ಲಿ ಗೀರು ತುಂಬಿಯೇ ಇರುತ್ತದೆ, ಆದರೆ ರಬ್ಬರು ವಯಸ್ಸಿನಿಂದ ಒಡೆದಿರುತ್ತದೆ. ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುತ್ತಿರುವುದು ಹೊಸ ಸಮಸ್ಯೆ. ಹಳೆಯ ರಬ್ಬರು ಕೊಳವೆಗಳು, ಪಂಪಿನ ಪೊರೆ ಇದಕ್ಕೆಂದು ಮಾಡಿದವಲ್ಲ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಜಿನುಗುವುದು ಎಂದರೆ ಏನೆಂದು ವಿವರಿಸಬೇಕಾಗಿಲ್ಲ.

ಗಮನಿಸಬೇಕಾದುದೆಂದರೆ, ಈ ದೋಷಗಳಲ್ಲಿ ಬಹುತೇಕ ಎಲ್ಲವೂ ಪತ್ತೆಹಚ್ಚಬಹುದಾದವು, ದುರಸ್ತಿ ಮಾಡಬಹುದಾದವು. ಹಾಗಾದರೆ ವ್ಯವಸ್ಥಿತ ತಪಾಸಣೆ ಇರುವಲ್ಲಿ ಫಲಿತಾಂಶ ಹೇಗಿದೆ? ಅಂಬಾಸಿಡರಿನ ತಾಯ್ನೆಲವಾದ ಬ್ರಿಟನ್ನಿನಲ್ಲಿ ಕಾರುಗಳ ಕಡ್ಡಾಯ ತಪಾಸಣೆ ಆರಂಭವಾದದ್ದು 1960ರಲ್ಲಿ. ಆಗ ಅದು 10 ವರ್ಷ ಮೀರಿದ ವಾಹನಗಳಿಗೆ ಮಾತ್ರ. ನೋಡುತ್ತಿದ್ದದ್ದು ಬ್ರೇಕು, ದೀಪ, ಸ್ಟೀರಿಂಗುಗಳನ್ನಷ್ಟೇ. ಅನುತ್ತೀರ್ಣವಾದವುಗಳ ಸಂಖ್ಯೆ ಕಂಡು ಗಾಬರಿಗೊಂಡ ಅಲ್ಲಿನ ಸರ್ಕಾರ ಮರುವರ್ಷವೇ ಮಿತಿಯನ್ನು ಏಳು ವರ್ಷಕ್ಕೆ, 1967ರಲ್ಲಿ ಮೂರು ವರ್ಷಕ್ಕೆ ಇಳಿಸಿತು. ಇಂದು ಅಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ಪರೀಕ್ಷೆ.

ಹಳೆಯ ಕಾರುಗಳ ಮಟ್ಟಿಗೆ ಆ ಪರೀಕ್ಷೆಯ ಫಲಿತಾಂಶ ಕುತೂಹಲಕರ. 1960ಕ್ಕೂ ಹಿಂದಿನ ವಾಹನಗಳಲ್ಲಿ 2009ರಲ್ಲಿ ಮೊದಲ ಯತ್ನಕ್ಕೆ ಅನುತ್ತೀರ್ಣವಾದವು ಶೇ 10ಕ್ಕಿಂತ ಕಡಿಮೆ. ಅನಂತರದ ವಾಹನಗಳಲ್ಲಿ ಶೇ 30ಕ್ಕಿಂತ ಹೆಚ್ಚು. ಒಟ್ಟು ವಾಹನಗಳಲ್ಲಿ ಈ ಹಳೆಯವುಗಳ ಪಾಲು ಶೇ 0.6ರಷ್ಟಿದ್ದರೆ ಅಪಘಾತಗಳಲ್ಲಿ ಅವುಗಳ ಪಾಲು ಶೇ 0.03 ಮಾತ್ರ. ಇದನ್ನೇ ಆಧಾರವಾಗಿಟ್ಟುಕೊಂಡು ಅಲ್ಲಿನ ಸರ್ಕಾರ 2012ರಲ್ಲಿ ಅವುಗಳಿಗೆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು. 2018ರಲ್ಲಿ 40 ವರ್ಷ ಮೀರಿದ, ಗಣನೀಯ ಮಾರ್ಪಾಡಾಗದ ವಾಹನಗಳಿಗೂ ವಿಸ್ತರಿಸಿತು.

ಹಳೆಯ ಕಾರೇ ಹೊಸದಕ್ಕಿಂತ ಸುರಕ್ಷಿತ ಎಂದು ಇದರ ಅರ್ಥವೇ? ಅಲ್ಲ. ಅರ್ಥಶಾಸ್ತ್ರ ಓದಿದವರು ಇಂಥ ಅಂಕಿಗಳ ಮುಂದೆ ಒಂದು ಕ್ಷಣ ನಿಲ್ಲಬೇಕು. ಅರ್ಧ ಶತಮಾನ ಬಾಳಿ ಉಳಿದ ಕಾರುಗಳು ಆಯ್ದು ಉಳಿದವು. ಕೆಟ್ಟವು ಎಂದೋ ಗುಜರಿ ಸೇರಿವೆ. ಉಳಿದವುಗಳಲ್ಲಿಯೂ ಮೂರರಲ್ಲಿ ಎರಡು ಪಾಲು ವರ್ಷಕ್ಕೆ 500 ಮೈಲಿಯನ್ನೂ ಓಡುತ್ತಿರಲಿಲ್ಲ. ಮಾಲೀಕರು ಅವನ್ನು ಮಗುವಿನಂತೆ ಸಾಕುವವರು. ಪಕ್ಕದ ಜರ್ಮನಿ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ 30 ವರ್ಷ ಮೀರಿ, ಮೂಲ ರೂಪ ಉಳಿಸಿಕೊಂಡ ಕಾರಿಗೆ 1997ರಿಂದ ವಿಶೇಷ ಸಂಖ್ಯಾಫಲಕವಿದೆ. ಎರಡು ವರ್ಷಕ್ಕೊಮ್ಮೆ ಬರುವ ತಪಾಸಣೆಯಿಂದ ಮಾತ್ರ ವಿನಾಯಿತಿ ಇಲ್ಲ. ನಮ್ಮಲ್ಲಿ ಹಳೆಯ ಅಂಬಾಸಿಡರ್ ಎಂದರೆ ಶ್ರೀಮಂತರ ಹವ್ಯಾಸ ಮಾತ್ರವಲ್ಲ. ಕೆಲವರಿಗೆ ಅದು ಹೊಟ್ಟೆಪಾಡು. ಹವ್ಯಾಸದ ಕಾರಿನ ಅಂಕಿಗಳನ್ನು ದುಡಿಯುವ ಕಾರಿಗೆ ಅನ್ವಯಿಸಲಾಗದು. ಆದ್ದರಿಂದ ನಮಗೆ ಹೊಂದುವುದು ಜರ್ಮನಿಯ ದಾರಿಯೇ.

ಆದರೂ ಬ್ರಿಟನ್ನಿನಿಂದ ಕಲಿಯಬೇಕಾದ ಪಾಠವೊಂದಿದೆ. ಅಲ್ಲಿ ಈ ಚರ್ಚೆ ನಡೆದದ್ದು ಅಂಕಿಗಳನ್ನು ಮುಂದಿಟ್ಟುಕೊಂಡು. ಪ್ರತಿ ಪರೀಕ್ಷೆಯ ಫಲಿತಾಂಶ ದಾಖಲಾಗುತ್ತದೆ. ವಾಹನದ ಸಂಖ್ಯೆ ಗೊತ್ತಿದ್ದರೆ ಯಾರು ಬೇಕಾದರೂ ಅದು ಎಂದು ಅನುತ್ತೀರ್ಣವಾಯಿತು, ಯಾವ ಕಾರಣಕ್ಕೆ, ಆಗ ಎಷ್ಟು ಮೈಲಿ ಓಡಿತ್ತು ಎಂಬುದನ್ನು ಉಚಿತವಾಗಿ ನೋಡಬಹುದು. ನಮ್ಮಲ್ಲಿ ಅರ್ಹತಾ ಪತ್ರ ಎಂದಿನವರೆಗೆ ಊರ್ಜಿತ ಎಂಬುದು ತಿಳಿಯುತ್ತದೆಯೇ ಹೊರತು ತಪಾಸಣೆಯಲ್ಲಿ ಕಂಡ ದೋಷಗಳೇನು ಎಂಬುದು ಕೊಳ್ಳುವವನಿಗೆ ತಿಳಿಯುವುದಿಲ್ಲ.

ಇದು ಸಣ್ಣ ಕೊರತೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ಉದಾಹರಣೆಯೇ ಹಳೆಯ ಕಾರುಗಳ ಮಾರುಕಟ್ಟೆ. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳಿಗೂ ಸರಾಸರಿ ಬೆಲೆಯನ್ನೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಹುಳುಕು ಕಾರುಗಳೇ. ಈ ಚಿಂತನೆಗೆ 2001ರಲ್ಲಿ ನೊಬೆಲ್ ಪುರಸ್ಕಾರದ ಮನ್ನಣೆ ದೊರೆಯಿತು. ಹಳೆಯ ಕಾರನ್ನು ಚೆನ್ನಾಗಿ ಇಟ್ಟುಕೊಂಡವನಿಗೆ ನಮ್ಮ ವ್ಯವಸ್ಥೆಯಲ್ಲಿ ಪ್ರತಿಫಲವಿಲ್ಲ. ಪುಟ್ಟಿ ಮೆತ್ತಿ ಮಾರುವವನಿಗೆ ಅಡ್ಡಿಯಿಲ್ಲ. ವಯಸ್ಸಿಗೆ ತಕ್ಕಂತೆ ಏರುವ ಶುಲ್ಕ ಇಬ್ಬರಿಗೂ ಒಂದೇ.

ಹೊಗೆಯ ಪ್ರಶ್ನೆ ಬೇರೆಯದು ಎಂಬುದನ್ನು ಒಪ್ಪಲೇಬೇಕು. ಕಾರ್ಬ್ಯುರೇಟರ್ ಕಾರನ್ನು ಎಷ್ಟೇ ಹದಗೊಳಿಸಿದರೂ ಅದು ಇಂದಿನ ಕಾರಿನಷ್ಟು ಶುದ್ಧವಾಗದು. ದೊಡ್ಡ ನಗರಗಳ ಕಲುಷಿತ ಹವೆಯಲ್ಲಿ ಅಂಥ ಕಾರಿನ ದಿನನಿತ್ಯದ ಓಡಾಟಕ್ಕೆ ಮಿತಿ ಹೇರುವುದರಲ್ಲಿ ನ್ಯಾಯವಿದೆ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿದದ್ದು ಈ ಕಾರಣಕ್ಕೇ. ಅದೇ ನ್ಯಾಯಾಲಯ 2025ರಲ್ಲಿ ಅದರ ಜಾರಿಯನ್ನು ಸಡಿಲಿಸಿದ್ದು, ವಯಸ್ಸೊಂದನ್ನೇ ಗೆರೆಯಾಗಿ ಎಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ನಿದರ್ಶನ. ಹೊಗೆಯನ್ನು ಹೊಗೆಯ ಮಾಪನದಿಂದ, ಸುರಕ್ಷತೆಯನ್ನು ಸುರಕ್ಷತೆಯ ಮಾಪನದಿಂದ ಅಳೆಯುವುದು ವಿವೇಕ.

ಯಂತ್ರಗಳಿಂದಲೇ ಪರೀಕ್ಷೆ ನಡೆಸುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ರೂಪಿಸಿದೆ. ಬ್ರೇಕಿನ ಹಿಡಿತವನ್ನು ಅಲ್ಲಿ ಅಳೆಯುವುದು ಉರುಳೆ ಯಂತ್ರ, ಕಣ್ಣಳತೆಯಲ್ಲ. ಇದು ಸ್ವಾಗತಾರ್ಹ. ಇದರ ಜೊತೆಗೆ ಮೂರು ಕೆಲಸಗಳಾಗಬೇಕು. ಖಾಸಗಿ ಕಾರಿನ ಮೊದಲ ತಪಾಸಣೆಗೆ 15 ವರ್ಷ ಕಾಯದೆ, ಅದನ್ನು ಬಹಳ ಮೊದಲೇ ಆರಂಭಿಸಬೇಕು. 15 ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಎಂಬುದನ್ನು ಎರಡು ವರ್ಷಕ್ಕೊಮ್ಮೆ ಎಂದು ಮಾಡಬೇಕು. ಆಗ ನವೀಕರಣದ ಶುಲ್ಕ ದಂಡದಂತಿರದೆ ತಪಾಸಣೆಯ ವೆಚ್ಚಕ್ಕೆ ತಕ್ಕಷ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಲೀಕರ ಹೆಸರು ಮರೆಮಾಡಿ, ಪ್ರತಿ ಮಾದರಿಯ ಫಲಿತಾಂಶವನ್ನೂ ದೋಷಗಳ ವಿವರವನ್ನೂ ಪ್ರಕಟಿಸಬೇಕು. ಯಂತ್ರದ ಅಳತೆ ಹೇಗೂ ಗಣಕದಲ್ಲಿ ದಾಖಲಾಗುವುದರಿಂದ ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ.

ಉತ್ತರಪಾಡಾದಿಂದ ಹೊರಬಂದ ಕೊನೆಯ ಕಾರುಗಳಿಗೂ 2029ರಲ್ಲಿ 15 ವರ್ಷ ತುಂಬುತ್ತದೆ. ಅಂದಿಗೆ ದೇಶದ ಪ್ರತಿ ಅಂಬಾಸಿಡರೂ ಕಾನೂನಿನ ಕಣ್ಣಿನಲ್ಲಿ ಮುದಿ ವಾಹನವೇ. ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂರಿ ನೋಡುವ ಮೊರವನ್ನು ನಾವು ಅಷ್ಟರೊಳಗೆ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಹಳೆಯ ಕಾರಿನೊಳಗೆ ಕುಳಿತವರಿಗೂ ಅದರ ಮುಂದೆ ರಸ್ತೆ ದಾಟುವವರಿಗೂ ಬೇಕಾಗಿರುವುದು ಅದರ ಜನ್ಮದಿನಾಂಕವಲ್ಲ, ಅದರ ಬ್ರೇಕು ಹಿಡಿಯುತ್ತದೆ ಎಂಬ ಖಾತರಿ.