ಸಂಶೋಧನೆಗೆ ಅನುದಾನ ಬೇಕೇ? ಹಣಕ್ಕಿಂತ ಮೊದಲು ಆಸರೆಯ ಸಂಸ್ಥೆಯನ್ನು ಹುಡುಕಿ

ಮುಂಬೈ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು ಶಾಲೆಗಳ ಜೊತೆಗೆ ಕನ್ನಡ ಮಾಧ್ಯಮ ಶಾಲೆಗಳನ್ನೂ ನಡೆಸುತ್ತದೆ. ಅಲ್ಲಿ ಪ್ರಾಥಮಿಕ ಹಂತ ಮುಗಿಸಿದ ಮಕ್ಕಳು ಮುಂದೆ ಎಲ್ಲಿಗೆ ಹೋಗುತ್ತಾರೆ? ಮಾಧ್ಯಮ ಬದಲಾದಾಗ ಎಷ್ಟು ಮಂದಿ ನಿಭಾಯಿಸುತ್ತಾರೆ, ಎಷ್ಟು ಮಂದಿ ಓದು ಬಿಡುತ್ತಾರೆ? ಊಹಿಸಿ ಹೇಳುವವರು ಬಹಳ ಮಂದಿ ಸಿಗುತ್ತಾರೆ. ಆದರೆ ಮನೆಮನೆಗೆ ಹೋಗಿ ಕೇಳಿ, ಲೆಕ್ಕ ಹಾಕಿ ಹೇಳಬೇಕಾದರೆ ಸಮಯ ಬೇಕು, ಜನ ಬೇಕು, ಹಣ ಬೇಕು.

ಇಂಥ ಕೆಲಸಕ್ಕೆ ಕೊಡುವ ಹಣ ದೇಶದಲ್ಲಿ ಇಲ್ಲವೇ ಇಲ್ಲ ಎಂದೇನಲ್ಲ. ಕೇಂದ್ರ ಸರ್ಕಾರದ ಮಂಡಳಿಗಳಿವೆ, ಖಾಸಗಿ ಟ್ರಸ್ಟ್‌ಗಳಿವೆ, ಕಂಪನಿಗಳ ಸಿಎಸ್‌ಆರ್ ನಿಧಿ ಇದೆ. ಆದರೂ ಆಸಕ್ತಿಯಿರುವ ಶಿಕ್ಷಕರು, ನಿವೃತ್ತ ಅಧ್ಯಾಪಕರು, ಸಣ್ಣ ಸಂಘ ಸಂಸ್ಥೆಗಳ ಅರ್ಜಿ ಮೊದಲ ಹಂತದಲ್ಲೇ ಬಿದ್ದುಹೋಗುವುದುಂಟು. ಇದಕ್ಕೆ ವಿಷಯ ಚೆನ್ನಾಗಿಲ್ಲದಿರುವುದೇ ಕಾರಣವಾಗಬೇಕಿಲ್ಲ. ಭಾರತದಲ್ಲಿ ಸಂಶೋಧನಾ ಯೋಜನೆಯ ಹಣ ಬಹುತೇಕ ವ್ಯಕ್ತಿಯ ಕೈಗೆ ಬರುವುದಿಲ್ಲ, ಸಂಸ್ಥೆಯ ಖಾತೆಗೆ ಬರುತ್ತದೆ. ಈ ಒಂದು ಸಂಗತಿ ತಿಳಿಯದೆ ಅರ್ಜಿ ಹಾಕಿದರೆ ತಿಂಗಳುಗಳ ಶ್ರಮ ವ್ಯರ್ಥ.

ದೊಡ್ಡ ಬಾಗಿಲು: ಐಸಿಎಸ್‌ಎಸ್‌ಆರ್

ಸಮಾಜ ವಿಜ್ಞಾನದ ಸಂಶೋಧನೆಗೆ ದೇಶದ ಮುಖ್ಯ ದಾತ ಸಂಸ್ಥೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 1969ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) 1972ರಲ್ಲಿ ಕಟ್ಟಿದವರೂ ಇದೇ ರಾವ್. ಐಸೆಕ್, ಧಾರವಾಡದ ಸಿಎಂಡಿಆರ್, ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆ, ಹೈದರಾಬಾದಿನ ಸೆಸ್ ಮುಂತಾದವು ಈ ಮಂಡಳಿಯ ನೆರವಿನ ಸಂಶೋಧನಾ ಕೇಂದ್ರಗಳು. ಮಂಡಳಿಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿದೆ, ದಕ್ಷಿಣದ್ದು ಹೈದರಾಬಾದಿನ ಉಸ್ಮಾನಿಯಾದಲ್ಲಿದೆ. ಹೊರನಾಡ ಕನ್ನಡಿಗರಿಗೆ ಇವು ದೂರದ ವಿಳಾಸಗಳೇನಲ್ಲ.

ದೊಡ್ಡ ಮತ್ತು ಕಿರು ಸಂಶೋಧನಾ ಯೋಜನೆ, ಡಾಕ್ಟರಲ್ ಮತ್ತು ಪೋಸ್ಟ್ ಡಾಕ್ಟರಲ್ ಫೆಲೋಶಿಪ್, ವಿಚಾರ ಸಂಕಿರಣಕ್ಕೆ ನೆರವು ಹೀಗೆ ಮಂಡಳಿಯ ಯೋಜನೆಗಳು ಹಲವು. ಅರ್ಜಿ ಕರೆದಾಗ ಮಾತ್ರ ಸಲ್ಲಿಸಬೇಕು. ಮೊತ್ತ, ವಯೋಮಿತಿ, ಅವಧಿ ಎಲ್ಲವೂ ಆಯಾ ಪ್ರಕಟಣೆಯಲ್ಲಿ ಇರುವಂತೆ. ಕಳೆದ ವರ್ಷದ ಪ್ರಕಟಣೆ ನೋಡಿ ಈ ವರ್ಷದ ಬಜೆಟ್ ಬರೆದರೆ ಎಡವಟ್ಟು.

ಯೋಜನೆಯ ನಿರ್ದೇಶಕರಾಗಿ ಅರ್ಜಿ ಹಾಕುವವರು ಸಾಮಾನ್ಯವಾಗಿ ಪಿಎಚ್‌ಡಿ ಪಡೆದು ವಿಶ್ವವಿದ್ಯಾಲಯ, ಮಾನ್ಯತೆ ಪಡೆದ ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯಲ್ಲಿ ಇರಬೇಕು. ಕಾಲೇಜಾದರೆ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಕೇಂದ್ರದ ಅನುದಾನ ಪಡೆಯಲು ಕಾಲೇಜಿಗೆ ಅರ್ಹತೆ ಕೊಡುವುದು ಈ 12(ಬಿ). ಪ್ರಾಂಶುಪಾಲರ ಕಚೇರಿಯಲ್ಲಿ ಒಂದು ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ಆದರೆ ಎಷ್ಟೋ ಮಂದಿ ಮೂವತ್ತು ಪುಟದ ಪ್ರಸ್ತಾವ ಬರೆದ ಮೇಲೆ ಈ ಪ್ರಶ್ನೆ ಕೇಳುತ್ತಾರೆ!

ಸಂಸ್ಥೆಯ ನಂಟು ಇಲ್ಲದವರು ಏನು ಮಾಡಬೇಕು?

ಪಾಲಿಕೆ ಶಾಲೆಯ ಶಿಕ್ಷಕಿಯೊಬ್ಬರ ಬಳಿ ಒಳ್ಳೆಯ ಪ್ರಶ್ನೆ ಇದೆ, ಹತ್ತು ವರ್ಷದ ಹಾಜರಿ ಪುಸ್ತಕ ನೋಡಿದ ಅನುಭವ ಇದೆ, ಪೋಷಕರ ಪರಿಚಯವೂ ಇದೆ ಎಂದುಕೊಳ್ಳಿ. ಪಿಎಚ್‌ಡಿ ಇಲ್ಲ, ವಿಶ್ವವಿದ್ಯಾಲಯದ ನಂಟಿಲ್ಲ. ಇವರು ಮೊದಲು ಹುಡುಕಬೇಕಾದದ್ದು ದಾತರನ್ನಲ್ಲ, ಜೊತೆಗಾರರನ್ನು. ಮುಂಬೈ, ಮದ್ರಾಸ್, ಉಸ್ಮಾನಿಯಾ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಗಳಿವೆ, ದೆಹಲಿಯ ಜೆಎನ್‌ಯುನಲ್ಲಿ ಕನ್ನಡ ಪೀಠವಿದೆ. ಆದರೆ ವಿಷಯ ಶಾಲೆ ಬಿಡುವ ಮಕ್ಕಳದ್ದಾದರೆ ಕನ್ನಡ ವಿಭಾಗಕ್ಕಿಂತ ಶಿಕ್ಷಣ ಅಥವಾ ಸಮಾಜಶಾಸ್ತ್ರ ವಿಭಾಗದ ಅಧ್ಯಾಪಕರೇ ಹೆಚ್ಚು ಹೊಂದುತ್ತಾರೆ. ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೇ ಇದೆ. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟ್‌ನ ಹಣದಿಂದ ಶುರುವಾದದ್ದು ಅದು. ಅಧ್ಯಾಪಕರು ಯೋಜನಾ ನಿರ್ದೇಶಕರಾಗಿ, ಶಿಕ್ಷಕಿ ಸಹ ನಿರ್ದೇಶಕರಾಗಿ ಅಥವಾ ಸಂಶೋಧನಾ ತಂಡದ ಸದಸ್ಯರಾಗಿ ಬರಬಹುದೇ ಎಂಬುದನ್ನು ಪ್ರಕಟಣೆಯ ನಿಯಮ ನೋಡಿ ತೀರ್ಮಾನಿಸಬೇಕು.

ಇಲ್ಲೊಂದು ನಾಜೂಕಾದ ಮಾತಿದೆ. ಪ್ರಶ್ನೆ ಒಬ್ಬರದು, ಓಡಾಟ ಒಬ್ಬರದು, ವರದಿಯ ಮೇಲೆ ಹೆಸರು ಇನ್ನೊಬ್ಬರದು ಎಂಬಂತಾಗುವ ಅಪಾಯ ಉಂಟು. ಯಾರು ಯಾವ ಕೆಲಸ ಮಾಡುತ್ತಾರೆ, ಲೇಖನದಲ್ಲಿ ಯಾರ ಹೆಸರು ಮೊದಲು, ಸಂಗ್ರಹಿಸಿದ ಮಾಹಿತಿಯನ್ನು ಮುಂದೆ ಯಾರು ಬಳಸಬಹುದು ಎಂಬುದನ್ನು ಅರ್ಜಿ ಹೋಗುವ ಮೊದಲೇ ಒಂದು ಇಮೇಲ್‌ನಲ್ಲಾದರೂ ಬರೆದುಕೊಳ್ಳುವುದು ಕ್ಷೇಮ. ಗೌರವದಿಂದ ಕೇಳಿದರೆ ಯಾವ ಪ್ರಾಧ್ಯಾಪಕರೂ ತಪ್ಪು ತಿಳಿಯುವುದಿಲ್ಲ. ತಿಳಿದರೆ ಅವರ ಜೊತೆ ಎರಡು ವರ್ಷ ಕೆಲಸ ಮಾಡುವುದೇ ಕಷ್ಟ.

ಸಂಸ್ಥೆಗಳಿಗೂ ಹಿಂಜರಿಕೆ ಇರುತ್ತದೆ. ಅನುದಾನ ಕಂತುಗಳಲ್ಲಿ ಬರುತ್ತದೆ. ಖರ್ಚಾದ ಹಣಕ್ಕೆ ಲೆಕ್ಕಪತ್ರ, ಅದರ ಜೊತೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಕಚೇರಿ ಮಾತಿನಲ್ಲಿ ಇದೇ ‘ಯುಸಿ’. 2017ರ ಸಾಮಾನ್ಯ ಹಣಕಾಸು ನಿಯಮಾವಳಿಯಲ್ಲಿ ಇದಕ್ಕೆ 12-ಎ ಎಂಬ ನಮೂನೆಯೇ ಇದೆ. ಹಳೆಯ ಯೋಜನೆಯೊಂದರ ಯುಸಿ ಬಾಕಿ ಇದ್ದರೆ ಹೊಸದಕ್ಕೆ ತೊಡಕು. ಕೊನೆಯ ಕಂತು ಅಂತಿಮ ವರದಿ ಒಪ್ಪಿತವಾದ ಮೇಲೆ ಬರುತ್ತದೆ. ಅಂದರೆ ಕ್ಷೇತ್ರಕಾರ್ಯದ ಹುಡುಗರಿಗೆ ಸಂಬಳ ಕೊಟ್ಟಾಗಿರುತ್ತದೆ, ಹಣ ಇನ್ನೂ ಬಂದಿರುವುದಿಲ್ಲ. ಈ ನಡುವಿನ ತಿಂಗಳುಗಳನ್ನು ಸಂಸ್ಥೆ ನಿಭಾಯಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಶಿಕ್ಷಣದ ಪ್ರಶ್ನೆಗೆ ಬೇರೆ ಬಾಗಿಲುಗಳು

ಪ್ರಶ್ನೆ ತರಗತಿಯ ಒಳಗಿನದ್ದಾದರೆ, ಅಂದರೆ ಪಠ್ಯ, ಕಲಿಕೆ, ಬೋಧನೆ, ಶಿಕ್ಷಕರ ತರಬೇತಿಯ ಕುರಿತಾದರೆ ಎನ್‌ಸಿಇಆರ್‌ಟಿಯ ಶೈಕ್ಷಣಿಕ ಸಂಶೋಧನೆ ಮತ್ತು ನಾವೀನ್ಯ ಸಮಿತಿ ಇದೆ. ‘ಎರಿಕ್’ ಎಂದೇ ಪರಿಚಿತ. ಶಾಲಾ ಶಿಕ್ಷಣಕ್ಕೆ ಸಂಬಂಧಿಸಿದ ಯೋಜನೆಗಳಿಗೆ ಇದು ನೆರವು ಕೊಡುತ್ತದೆ. ಶಾಲೆಗಳ ಆಡಳಿತ, ಯೋಜನೆ, ಹಣ ಹಂಚಿಕೆಯ ಪ್ರಶ್ನೆಯಾದರೆ ದೆಹಲಿಯ ನೀಪಾ ಕಡೆ ನೋಡಬಹುದು. ಒಂದೇ ವಿಷಯವನ್ನು ಎರಡೂ ಕಡೆಗೆ ಅದೇ ಮಾತಿನಲ್ಲಿ ಕಳಿಸಿದರೆ ಎರಡೂ ಕಡೆ ಬೀಳುವ ಸಾಧ್ಯತೆ ಹೆಚ್ಚು.

ಪಿಎಚ್‌ಡಿ ಮಾಡುವ ಮನಸ್ಸಿರುವ ಕಿರಿಯರಿಗೆ ಯೋಜನೆಗಿಂತ ಫೆಲೋಶಿಪ್ ಸುಲಭದ ದಾರಿ. ಯುಜಿಸಿ ನೆಟ್ ಮೂಲಕ ಸಿಗುವ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಇದು ಜೀವನಕ್ಕೆ ಆಗುತ್ತದೆ, ದೊಡ್ಡ ಸಮೀಕ್ಷೆಗೆ ಸಾಲದು.

ಇಂಟರ್‌ನೆಟ್‌ನಲ್ಲಿ ಓಡಾಡುವ ‘ಸಂಶೋಧನಾ ಅನುದಾನಗಳ ಪಟ್ಟಿ’ಗಳ ಬಗ್ಗೆ ಎಚ್ಚರ ಬೇಕು. ‘ಇಂಪ್ರೆಸ್’ ಯೋಜನೆಯನ್ನೇ ನೋಡಿ. 2018ರಲ್ಲಿ 414 ಕೋಟಿ ರೂಪಾಯಿ ವೆಚ್ಚದಲ್ಲಿ, 1,500 ಸಂಶೋಧನಾ ಯೋಜನೆಗಳ ಗುರಿಯೊಂದಿಗೆ ಐಸಿಎಸ್‌ಎಸ್‌ಆರ್ ಮೂಲಕ ಶುರುವಾದ ಇದಕ್ಕೆ 2021ರ ಮಾರ್ಚ್ 31ರವರೆಗೆ ಮಾತ್ರ ಅವಧಿ ಇತ್ತು. ಹಳೆಯ ಪಟ್ಟಿ ನಂಬಿದವರು ಮುಚ್ಚಿದ ಬಾಗಿಲು ತಟ್ಟಬೇಕಾಗುತ್ತದೆ. ಹಾಗೆಯೇ 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು ಕೇಳಿ ಆಸೆ ಹುಟ್ಟುವುದು ಸಹಜ. ಆದರೆ ಅದರ ವ್ಯಾಪ್ತಿಯಲ್ಲಿ ಸಮಾಜ ವಿಜ್ಞಾನ ಬರುವುದು ವಿಜ್ಞಾನ, ತಂತ್ರಜ್ಞಾನದ ಜೊತೆ ಕೂಡುವ ಕಡೆ ಮಾತ್ರ.

ಸಿಎಸ್‌ಆರ್ ಹಣ ಸಿಗುತ್ತದೆಯೇ?

‘ನಮ್ಮೂರಿನವರೇ ಆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಸಿಎಸ್‌ಆರ್‌ನಲ್ಲಿ ಕೇಳೋಣ’ ಎಂಬ ಮಾತು ಸಂಘಗಳ ಸಭೆಗಳಲ್ಲಿ ಬರುತ್ತಲೇ ಇರುತ್ತದೆ. ಕಾನೂನು ಏನು ಹೇಳುತ್ತದೆ? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಾದರೂ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಎಂಬುದು ಏಳನೇ ಅನುಸೂಚಿಯಲ್ಲಿದೆ. ಶಿಕ್ಷಣಕ್ಕೆ ಉತ್ತೇಜನ ಅದರಲ್ಲಿ ಸ್ಪಷ್ಟವಾಗಿದೆ. ಸಂಶೋಧನೆ ಎಂದು ಬರುವ ಕಡೆ ಮಾತ್ರ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಎಂದಿದೆ. ಸಮಾಜ ವಿಜ್ಞಾನದ ಹೆಸರಿಲ್ಲ.

ಹಾಗಾಗಿ ಕಂಪನಿಗಳು ಬೆಂಚು, ಟ್ಯಾಬ್ಲೆಟ್, ಶೌಚಾಲಯಕ್ಕೆ ಸಲೀಸಾಗಿ ಹಣ ಕೊಡುತ್ತವೆ, ಆ ಬೆಂಚಿನ ಮೇಲೆ ಕೂತ ಮಗು ಓದಲು ಕಲಿಯಿತೇ ಎಂದು ಕೇಳುವ ಅಧ್ಯಯನಕ್ಕೆ ಹಿಂದೆಮುಂದೆ ನೋಡುತ್ತವೆ. ಇದಕ್ಕೊಂದು ಕಿಂಡಿ ಉಂಟು. ಸರಾಸರಿ 10 ಕೋಟಿ ಅಥವಾ ಹೆಚ್ಚಿನ ಸಿಎಸ್‌ಆರ್ ಹೊಣೆ ಇರುವ ಕಂಪನಿ, 1 ಕೋಟಿ ಅಥವಾ ಹೆಚ್ಚಿನ ವೆಚ್ಚದ ಯೋಜನೆ ಮುಗಿದ ಮೇಲೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮ ಮೌಲ್ಯಮಾಪನ ಮಾಡಿಸಬೇಕೆಂಬ ನಿಯಮ 2021ರಲ್ಲಿ ಬಂತು. ಸಮೀಕ್ಷೆ ಬಲ್ಲ ಸಂಶೋಧಕರಿಗೆ ಇಲ್ಲಿ ಕೆಲಸವಿದೆ. ಆದರೆ ಪ್ರಶ್ನೆ ಕಂಪನಿಯದು, ನಿಮ್ಮದಲ್ಲ.

ಸಿಎಸ್‌ಆರ್ ಹಣ ನೇರವಾಗಿ ಪಡೆಯುವ ಟ್ರಸ್ಟ್ ಅಥವಾ ಸೊಸೈಟಿ ಸಾಮಾನ್ಯವಾಗಿ 12ಎ, 80ಜಿ ನೋಂದಣಿ, ಕನಿಷ್ಠ ಮೂರು ವರ್ಷದ ಕೆಲಸದ ದಾಖಲೆ ಹೊಂದಿದ್ದು, ಸಿಎಸ್‌ಆರ್-1 ನಮೂನೆ ಸಲ್ಲಿಸಿರಬೇಕು. ವಿದೇಶಿ ಹಣವಾದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಸ್ಥೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದೂ ನಿಷಿದ್ಧ. ‘ನಮ್ಮ ಖಾತೆಗೆ ತರಿಸಿ ನಿಮಗೆ ಕೊಡುತ್ತೇವೆ’ ಎನ್ನುವವರಿಂದ ದೂರ ಇರುವುದೇ ಒಳಿತು. ಅನುದಾನ ಕೊಡಿಸಲು ಮುಂಗಡ ಕೇಳುವ ದಲ್ಲಾಳಿಗಳಿಂದಲೂ ಅಷ್ಟೇ.

ವ್ಯಕ್ತಿಗೆ ಕೊಡುವವರು ಯಾರೂ ಇಲ್ಲವೇ?

ಇದ್ದಾರೆ, ಕಡಿಮೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಯ ಸಂಶೋಧನೆಗೆ ವ್ಯಕ್ತಿಗಳಿಗೂ ಅನುದಾನ ಕೊಡುತ್ತದೆ, ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವಗಳನ್ನೂ ತೆಗೆದುಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಬರೆಯಲು ತಡವರಿಸುವ ಒಳ್ಳೆಯ ಸಂಶೋಧಕರಿಗೆ ಇದು ಸಣ್ಣ ವಿಷಯವಲ್ಲ. ಅದರ ‘ಕಲಿ-ಕಲಿಸು’ ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರ ಜೊತೆ ಕೆಲಸ ಮಾಡುತ್ತದೆ. ಬೆಂಗಳೂರಿನದೇ ಆದ ನ್ಯೂ ಇಂಡಿಯಾ ಫೌಂಡೇಶನ್ ಸ್ವತಂತ್ರ ಭಾರತದ ಕುರಿತ ಪುಸ್ತಕ ಬರೆಯುವವರಿಗೆ ಫೆಲೋಶಿಪ್ ಕೊಡುತ್ತದೆ. ಅದರ ಅನುವಾದ ಫೆಲೋಶಿಪ್‌ನ ಭಾಷೆಗಳಲ್ಲಿ ಕನ್ನಡವೂ ಒಂದು.

ಪ್ರಸ್ತಾವದಲ್ಲಿ ಏನಿರಬೇಕು?

‘ಮುಂಬೈ ಕನ್ನಡ ಶಾಲೆಗಳ ಸಮಸ್ಯೆಗಳು: ಒಂದು ಅಧ್ಯಯನ’ ಎಂಬುದು ಶೀರ್ಷಿಕೆ ಅಷ್ಟೇ, ಪ್ರಶ್ನೆಯಲ್ಲ. ‘ಕಳೆದ ಮೂರು ವರ್ಷಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಪ್ರಾಥಮಿಕ ಹಂತ ಮುಗಿಸಿದವರಲ್ಲಿ ಎಷ್ಟು ಮಂದಿ ಇನ್ನೂ ಶಾಲೆಯಲ್ಲಿದ್ದಾರೆ, ಬಿಟ್ಟವರು ಯಾಕೆ ಬಿಟ್ಟರು’ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಯಾರು ಏನನ್ನು ಬದಲಿಸಬಹುದು ಎಂಬುದನ್ನೂ ಒಂದು ಪ್ಯಾರಾದಲ್ಲಿ ಹೇಳಬೇಕು. ಪಾಲಿಕೆ ಶಾಲೆಗಳ ಅಧ್ಯಯನದಿಂದ ಏನಾದೀತು ಎನ್ನುವವರಿಗೆ ಮುಂಬೈಯಲ್ಲೇ ಉದಾಹರಣೆ ಇದೆ. ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರಿಂದ ಪ್ರತ್ಯೇಕ ಪಾಠ ಹೇಳಿಸುವ ‘ಪ್ರಥಮ್’ ಸಂಸ್ಥೆಯ ‘ಬಾಲಸಖಿ’ ಪ್ರಯೋಗವನ್ನು 2001ರಿಂದ 2003ರ ಅವಧಿಯಲ್ಲಿ ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹ ಸಂಶೋಧಕರು ಅಳೆದು ನೋಡಿದರು. ಮಕ್ಕಳ ಕಲಿಕೆ ಸುಧಾರಿಸಿದ್ದು ಕಂಡುಬಂತು. ಆ ದಾರಿಯ ಕೆಲಸ ಮುಂದೆ ಹಲವು ರಾಜ್ಯಗಳಿಗೆ ಹರಡಿತು. ಬ್ಯಾನರ್ಜಿ ಮತ್ತು ಡುಫ್ಲೊಗೆ 2019ರಲ್ಲಿ ನೊಬೆಲ್ ಬಂತು.

ಬಜೆಟ್ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. 300 ಮನೆ ಎಂದು ಬರೆದರೆ, ದಿನಕ್ಕೆ ನಾಲ್ಕು ಮನೆಯಂತೆ ಒಬ್ಬರಿಗೆ 75 ದಿನ. ಹಗಲು ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಕುಟುಂಬಗಳಾದರೆ ಎರಡು ಸಲ ಹೋಗಬೇಕಾಗುತ್ತದೆ. ಕನ್ನಡ, ತುಳು, ಮರಾಠಿ ಬೆರೆತ ಸಂದರ್ಶನವನ್ನು ಬರಹಕ್ಕಿಳಿಸಿ ಇಂಗ್ಲಿಷಿಗೆ ತರುವ ಖರ್ಚನ್ನು ಮರೆಯುವವರೇ ಹೆಚ್ಚು. ಲ್ಯಾಪ್‌ಟಾಪ್‌ಗೆ ಬರೆದ ಮೊತ್ತ ಇದಕ್ಕಿಂತ ದೊಡ್ಡದಾಗಿದ್ದರೆ ಪರಿಶೀಲಿಸುವವರ ಕಣ್ಣಿಗೆ ಬೀಳುತ್ತದೆ. ಮಕ್ಕಳನ್ನು ಮಾತಾಡಿಸುವುದಾದರೆ ಪೋಷಕರ ಒಪ್ಪಿಗೆ, ಮಗುವಿನ ಸಮ್ಮತಿ, ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆ, ಜೊತೆಗೆ ಪಾಲಿಕೆಯ ಶಿಕ್ಷಣ ಇಲಾಖೆಯ ಅನುಮತಿ ಪತ್ರ ಬೇಕು. ಈ ಪತ್ರಕ್ಕೆ ಅರ್ಜಿಯ ಹೊತ್ತಿಗೇ ಓಡಾಟ ಶುರುಮಾಡಬೇಕು.

ಏನೂ ಸಿಗದಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಶಾಲೆಗಳ ದಾಖಲಾತಿ, ಶಿಕ್ಷಕರ ಸಂಖ್ಯೆ, ಮೂಲಸೌಕರ್ಯದ ಅಂಕಿಅಂಶ ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಇಟ್ಟುಕೊಂಡು ಹತ್ತು ಪುಟದ ಒಂದು ಲೇಖನ ಬರೆದವರ ಮುಂದಿನ ಅರ್ಜಿಗೆ ತೂಕ ಬೇರೆ. ತಿರಸ್ಕಾರದ ಪತ್ರ ಬಂದರೆ ಪರಿಶೀಲಕರ ಟಿಪ್ಪಣಿ ಕೊಡುತ್ತಾರೆಯೇ ಎಂದು ಕೇಳಬಹುದು.

ಇನ್ನು ಕಾಲ. ಅರ್ಜಿ ಕರೆದ ದಿನದಿಂದ ಮಂಜೂರಾತಿ, ಮೊದಲ ಕಂತು ಬರುವವರೆಗೆ ತಿಂಗಳುಗಳೇ ಹಿಡಿಯುತ್ತವೆ. ಮುಂಬೈ, ಪುಣೆಯ ಶಾಲೆಗಳು ಜೂನ್‌ನಲ್ಲಿ ತೆರೆಯುತ್ತವೆ. ಹಣ ಮಾರ್ಚ್‌ನಲ್ಲಿ ಕೈ ಸೇರಿದರೆ ಪರೀಕ್ಷೆ, ರಜೆ ಎಂದು ಕ್ಷೇತ್ರಕಾರ್ಯ ನಿಂತೇಬಿಡುತ್ತದೆ, ಯೋಜನೆಯ ಗಡುವು ಮಾತ್ರ ಓಡುತ್ತಿರುತ್ತದೆ. ವೇಳಾಪಟ್ಟಿಯಲ್ಲಿ ಹಳೆಯ ದಾಖಲೆ ಓದುವ, ಪ್ರಶ್ನಾವಳಿ ತಯಾರಿಸುವ ಕೆಲಸವನ್ನು ಏಪ್ರಿಲ್, ಮೇ ತಿಂಗಳಿಗೆ ಇಟ್ಟುಕೊಂಡರೆ ಆ ಎರಡು ತಿಂಗಳು ಕೈತಪ್ಪುವುದಿಲ್ಲ.